ಬ್ಯಾಂಡ್ ಬಿಟ್ಟು ಬಂದವರ ದನಿ ಯಾರದು?

ಒಂದು ರಾಕ್ ಬ್ಯಾಂಡ್ ಇಷ್ಟವಾಯಿತು ಅಂದರೆ, ಅದರಿಂದ ಹೊರಗೆ ಬಂದವರು ಆಮೇಲೆ ಏನು ಮಾಡಿದರು ಅಂತ ಹುಡುಕಿ ಕೇಳುವುದು ನನ್ನ ಹಳೆಯ ಚಟ. ಹೆಸರು ಬ್ಯಾಂಡಿನ ಹತ್ತಿರವೇ ಉಳಿಯುತ್ತದೆ. ಬಿಟ್ಟು ಬಂದವನ ಜೊತೆ ಬರುವುದು ಅವನ ದನಿ ಮತ್ತು ಕೈ ಮಾತ್ರ. ಅದಾದರೂ ಅವನದ್ದೇ ತಾನೇ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಅದರ ಮೇಲೂ ಕೋರ್ಟಿನಲ್ಲಿ ಕೇಸು ನಡೆದಿದೆ.

ಜಾನ್ ಫೋಗರ್ಟಿಯ ಕಥೆ ಅದು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಬ್ಯಾಂಡಿನ ಹೆಸರಾಂತ ಹಾಡುಗಳನ್ನು ಹೆಚ್ಚು ಕಡಿಮೆ ಎಲ್ಲವನ್ನೂ ಬರೆದವನು, ಹಾಡಿದವನು, ಗಿಟಾರ್ ನುಡಿಸಿದವನು ಅವನೇ. 1972ರಲ್ಲಿ ಬ್ಯಾಂಡ್ ಒಡೆಯಿತು. ಹಾಡುಗಳ ಹಕ್ಕು ಅವರ ರೆಕಾರ್ಡ್ ಕಂಪನಿ ಫ್ಯಾಂಟಸಿ ರೆಕಾರ್ಡ್ಸ್ ಕೈಯಲ್ಲಿತ್ತು, ಆ ಒಪ್ಪಂದದಿಂದ ಬಿಡಿಸಿಕೊಳ್ಳಲು ತನಗೆ ಬರಬೇಕಿದ್ದ ರಾಯಲ್ಟಿಯನ್ನೂ ಬಿಟ್ಟುಕೊಟ್ಟ. ಆ ನೋವು ಎಷ್ಟಿತ್ತು ಅಂದರೆ, ವರ್ಷಗಟ್ಟಲೆ ತನ್ನ ಹಳೆಯ ಹಾಡುಗಳನ್ನು ವೇದಿಕೆಯಲ್ಲಿ ಮುಟ್ಟಲೇ ಇಲ್ಲ. 1985ರಲ್ಲಿ ಎಲ್ಲ ವಾದ್ಯಗಳನ್ನೂ ಒಬ್ಬನೇ ನುಡಿಸಿ 'ಸೆಂಟರ್‌ಫೀಲ್ಡ್' ಆಲ್ಬಂ ಮಾಡಿದ, ಅದು ಅಮೆರಿಕದಲ್ಲಿ ನಂಬರ್ ಒನ್ ಆಯಿತು. ಆಗ ಫ್ಯಾಂಟಸಿಯವರು ಕೇಸು ಹಾಕಿದರು. ಆರೋಪ ಏನು ಗೊತ್ತಾ? ಅದರಲ್ಲಿನ 'ದ ಓಲ್ಡ್ ಮ್ಯಾನ್ ಡೌನ್ ದ ರೋಡ್' ಹಾಡು, 1970ರಲ್ಲಿ ಅವನೇ ಬರೆದ 'ರನ್ ಥ್ರೂ ದ ಜಂಗಲ್' ಹಾಡಿನ ನಕಲು ಅಂತ. ಅಂದರೆ ಫೋಗರ್ಟಿ ಫೋಗರ್ಟಿಯನ್ನೇ ಕದ್ದ ಅಂತ!

1988ರಲ್ಲಿ ಅವನು ಗಿಟಾರ್ ಹಿಡಿದುಕೊಂಡೇ ಸಾಕ್ಷಿ ಕಟಕಟೆಯಲ್ಲಿ ಕೂತು, ತಾನು ಹಾಡು ಕಟ್ಟುವುದು ಹೇಗೆ ಅಂತ ಜ್ಯೂರಿಗೆ ನುಡಿಸಿ ತೋರಿಸಿದ. ಗೆದ್ದ. ವಕೀಲರ ಖರ್ಚಿನ ಜಗಳ ಮಾತ್ರ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, 1994ರಲ್ಲಿ ಅಲ್ಲೂ ಅವನ ಪರವಾಗಿಯೇ ಬಂತು. ಈ ಘಟನೆ ನೆನೆದಾಗೆಲ್ಲ ನನಗೆ ಸಿಟ್ಟೂ ಬರುತ್ತದೆ, ಅವನ ಮೇಲೆ ಪ್ರೀತಿಯೂ ಜಾಸ್ತಿಯಾಗುತ್ತದೆ.

ಪೀಟರ್ ಗೇಬ್ರಿಯಲ್‌ದು ಇದಕ್ಕೆ ಪೂರ್ತಿ ಉಲ್ಟಾ. ಅವನು ಹಳೆಯ ದನಿಯನ್ನು ಉಳಿಸಿಕೊಳ್ಳಲು ಹೋಗಲಿಲ್ಲ. 1975ರಲ್ಲಿ ತಾನು ಹಾಡುತ್ತಿದ್ದ ಜೆನೆಸಿಸ್ ಬ್ಯಾಂಡ್ ಬಿಟ್ಟ, ಡ್ರಮ್ಮರ್ ಫಿಲ್ ಕಾಲಿನ್ಸ್ ಮುಂದೆ ಬಂದು ಅವನ ಜಾಗದಲ್ಲಿ ಹಾಡತೊಡಗಿದ. ಗೇಬ್ರಿಯಲ್ ತನ್ನ ಮೊದಲ ಆಲ್ಬಮ್‌ಗಳಿಗೆ ಬೇರೆ ಹೆಸರನ್ನೇ ಇಡಲಿಲ್ಲ, ಸುಮ್ನೆ ಪೀಟರ್ ಗೇಬ್ರಿಯಲ್ ಅಂತ ಒಂದಾದ ಮೇಲೆ ಒಂದು ತಂದ. 1980ರ ಮೂರನೆಯದರಲ್ಲಿ ಡ್ರಮ್ಸ್‌ನಲ್ಲಿ ಸಿಂಬಲ್ (ತಾಳದಂಥ ಲೋಹದ ತಟ್ಟೆ) ಬಾರಿಸಲೇಬಾರದು ಅಂತ ಕಟ್ಟಪ್ಪಣೆ ಮಾಡಿದ. ಅದರ ಕೆಲವು ಹಾಡುಗಳಿಗೆ ಡ್ರಮ್ಸ್ ಬಾರಿಸಿದ್ದು ಇದೇ ಕಾಲಿನ್ಸ್. ಏಟು ಬಿದ್ದೊಡನೆ ಕೋಣೆ ತುಂಬ ಗುಂಯ್ ಅಂದು, ಮರುಕ್ಷಣವೇ ಕತ್ತರಿಸಿದ ಹಾಗೆ ನಿಲ್ಲುವ ಆ ಸದ್ದು ಅಲ್ಲಿ ಹುಟ್ಟಿತು. ಮರುವರ್ಷ ಕಾಲಿನ್ಸ್ ತನ್ನದೇ ಮೊದಲ ಸೋಲೋ ಆಲ್ಬಮ್ಮಿಗೆ ಅದನ್ನು ತಂದ, ಆಮೇಲೆ ಎಂಬತ್ತರ ದಶಕದ ತುಂಬ ಅದೇ ಸದ್ದು. ಬಿಟ್ಟು ಹೋದವನು ಮತ್ತು ಅವನ ಜಾಗಕ್ಕೆ ಬಂದವನು ಒಂದೇ ಸ್ಟುಡಿಯೋದಲ್ಲಿ ಕೂತು ಹೊಸದೊಂದನ್ನು ಕಂಡುಕೊಂಡರಲ್ಲ, ನನಗೆ ಅದೇ ದೊಡ್ಡದು. 1982ರಲ್ಲಿ ಗೇಬ್ರಿಯಲ್‌ನ ವೊಮ್ಯಾಡ್ ಸಂಗೀತೋತ್ಸವ ಸಾಲದಲ್ಲಿ ಮುಳುಗಿದಾಗ ಅವನಿಗೋಸ್ಕರ ಜೆನೆಸಿಸ್‌ನವರು ಒಟ್ಟಾಗಿ ಒಂದು ಕಾರ್ಯಕ್ರಮ ಕೊಟ್ಟರು. 1986ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿದ್ದ ಜೆನೆಸಿಸ್ ಹಾಡನ್ನು ಕೆಳಗಿಳಿಸಿದ್ದು ಗೇಬ್ರಿಯಲ್‌ನ ಹಾಡೇ.

ರೋಜರ್ ವಾಟರ್ಸ್‌ಗೆ ಇಂಥ ಅದೃಷ್ಟ ಇರಲಿಲ್ಲ. 1985ರಲ್ಲಿ ತಾನು ಹಾಡು ಬರೆಯುತ್ತಿದ್ದ ಪಿಂಕ್ ಫ್ಲಾಯ್ಡ್ ಬ್ಯಾಂಡ್ ಬಿಟ್ಟ, ಆ ಹೆಸರನ್ನು ಇನ್ನು ಯಾರೂ ಬಳಸಬಾರದು ಅಂತ ಕೋರ್ಟಿಗೆ ಹೋದ. 1987ರಲ್ಲಿ ಅವನೂ, ಆ ಹೆಸರಿಟ್ಟುಕೊಂಡ ಉಳಿದವರೂ ಬೇರೆ ಬೇರೆಯಾಗಿ ಊರೂರು ತಿರುಗಿದಾಗ, ಜನ ಹೆಸರಿನ ಹಿಂದೆ ಹೋದರು. ಆಲ್ಬಮ್ ಕವರಿನ ಮೇಲೆ ಹಸು, ಪ್ರಿಸ್ಮ್ ಹಾಕಿ, ತಮ್ಮ ಮುಖವನ್ನು ಹಿಂದಿಟ್ಟೇ ಬೆಳೆದ ಬ್ಯಾಂಡ್ ಅದು. ಹಾಡು ಬರೆದವನ ಮುಖ ಎಷ್ಟು ಜನಕ್ಕೆ ಗೊತ್ತಿತ್ತು? 2010ರಿಂದ 2013ರವರೆಗೆ, ಪಿಂಕ್ ಫ್ಲಾಯ್ಡ್ ಕಾಲದ 'ದ ವಾಲ್' ಆಲ್ಬಮ್ಮಿನ ಪ್ರವಾಸದಲ್ಲಿ ತನ್ನ ಹೆಸರಿನಲ್ಲೇ ಸ್ಟೇಡಿಯಂಗಳನ್ನು ತುಂಬಿಸಿದ. ಅಷ್ಟು ಕಾಲ ಹಿಡಿಯಿತು.

ಲೆಡ್ ಝೆಪ್ಪೆಲಿನ್ ಬ್ಯಾಂಡಿನ ಹಾಡುಗಾರ ರಾಬರ್ಟ್ ಪ್ಲಾಂಟ್ ಬಿಟ್ಟು ಬಂದವನಲ್ಲ, ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡ ಮೇಲೆ 1980ರಲ್ಲಿ ಬ್ಯಾಂಡ್ ತಾನೇ ನಿಂತಿತು. ಆದರೂ ಅವನನ್ನು ಇಲ್ಲಿ ಸೇರಿಸಲೇಬೇಕು. 2007ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಒಂದೇ ರಾತ್ರಿ ಹಳೆಯವರ ಜೊತೆ ಹಾಡಿದ. ಪೂರ್ತಿ ಪ್ರವಾಸಕ್ಕೆ ಒಪ್ಪಲಿಲ್ಲ. ಆ ಕಿರುಚಾಟವನ್ನೆಲ್ಲ ಬಿಟ್ಟು ಗಾಯಕಿ ಆಲಿಸನ್ ಕ್ರಾಸ್ ಪಕ್ಕದಲ್ಲಿ ಮೆಲ್ಲನೆ ಹಾಡಿದ ಆಲ್ಬಂ 2009ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಪಡೆಯಿತು. ನನಗೆ ಅವನ ಈ ದನಿಯೇ ಹೆಚ್ಚು ಹತ್ತಿರ.

ಫೋಗರ್ಟಿಗೆ ಮರಳುತ್ತೇನೆ. 1987ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಕ್ಲಬ್ಬಿನ ವೇದಿಕೆಯಲ್ಲಿ ಬಾಬ್ ಡಿಲನ್, ಜಾರ್ಜ್ ಹ್ಯಾರಿಸನ್ ಜೊತೆ ನಿಂತಿದ್ದ. ನೀನೇ ಬರೆದ 'ಪ್ರೌಡ್ ಮೇರಿ'ಯನ್ನು ಹಾಡಿಬಿಡು, ಇಲ್ಲದಿದ್ದರೆ ಅದು ಆಮೇಲೆ ಹಾಡಿದ ಟೀನಾ ಟರ್ನರ್‌ದೇ ಹಾಡು ಅಂತ ಜನ ಅಂದುಕೊಳ್ಳುತ್ತಾರೆ ಅಂತ ಡಿಲನ್ ಹೇಳಿದನಂತೆ. ಹಾಡಿದ. ಅದೇ ಜುಲೈನಲ್ಲಿ ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರಿಗಾಗಿ ಹಳೆಯ ಹಾಡುಗಳನ್ನೆಲ್ಲ ಹಾಡಿದ. 2023ರ ಜನವರಿಯಲ್ಲಿ, 77ನೇ ವಯಸ್ಸಿನಲ್ಲಿ, ಅವುಗಳ ಹಕ್ಕಿನ ದೊಡ್ಡ ಪಾಲನ್ನು ದುಡ್ಡು ಕೊಟ್ಟು ಕೊಂಡುಕೊಂಡ. ಆ ಸುದ್ದಿ ಓದಿ ರಾತ್ರಿಯೆಲ್ಲ ಕ್ರೀಡೆನ್ಸ್ ಕೇಳಿದೆ.