ಅಜ್ಜಿಯ ಸಂಡಿಗೆ

2020ರ ಮಾರ್ಚ್ ಕೊನೆ. ಕೋಲಾರದ ಗಲ್‌ಪೇಟೆಯ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. 25ರಿಂದ ಕೊರೊನಾ ಲಾಕ್‌ಡೌನ್, ಊರಿಗೆ ಹೋಗಲು ಬಸ್ಸಿಲ್ಲ. ಕೆಳಗೆ ಓನರ್ ಅಜ್ಜಿ, ಮೇಲೆ ನಾನು, ಕೈಯಲ್ಲಿ ಫೋನು.

ಕಣ್ಣು ಬಿಟ್ಟರೆ ಇಟಲಿಯ ಶವಪೆಟ್ಟಿಗೆಗಳು. ಹಲ್ಲುಜ್ಜುವಾಗ ನ್ಯೂಯಾರ್ಕ್‌ನ ಆಂಬುಲೆನ್ಸ್ ಸದ್ದು. ಒಂದು ವಿಡಿಯೋ ಪೂರ್ತಿ ನೋಡಿದರೆ ಅಂಥದ್ದೇ ಹತ್ತು ಬರುತ್ತಿದ್ದವು. ಹೆದರಿ ನೋಡಿದೆನೋ ಇಷ್ಟಪಟ್ಟು ನೋಡಿದೆನೋ ಫೋನಿಗೆ ಗೊತ್ತಾಗಲ್ಲ, ಅಲ್ವಾ? ಒಂದೇ ವಾರಕ್ಕೆ ಇಟಲಿ ನಮ್ಮ ಬೀದಿಯ ತಿರುವಿಗೇ ಬಂದು ನಿಂತಿತ್ತು. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಾಕಿ ತೊಳೆಯುತ್ತಿದ್ದೆ. ಆಮೇಲೆ ನಲ್ಲಿ. ಆಮೇಲೆ ನಲ್ಲಿ ಮುಟ್ಟಿದ ಕೈ. ಬೆರಳ ಸಂದಿಯಲ್ಲಿ ಚರ್ಮ ಬಿಳಿಚಿ ಸುಲಿಯುತ್ತಿತ್ತು.

ಒಂದು ರಾತ್ರಿ ಫ್ಯಾಮಿಲಿ ಗ್ರೂಪಿಗೆ ಮೆಸೇಜ್ ಬಂತು. ಹೆಲಿಕಾಪ್ಟರ್‌ನಿಂದ ಔಷಧಿ ಹೊಡೀತಾರೆ, ಹೊರಗೆ ಬರಬೇಡಿ, ಬಟ್ಟೆ ಒಳಗೆ ತಗೊಳ್ಳಿ. ಎಷ್ಟೋ ಊರುಗಳಲ್ಲಿ ಓಡಾಡಿದ ಸುಳ್ಳು ಅದು. ನಾನು ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿ, ಎರಡು ಗಂಟೆವರೆಗೂ ಕಿವಿಗೊಟ್ಟು ಕೂತಿದ್ದೆ. ಬೆಳಿಗ್ಗೆ ಮಹಡಿಗೆ ಹೋದರೆ ಅಜ್ಜಿಯ ಅಕ್ಕಿ ಸಂಡಿಗೆ ಹಳೇ ಸೀರೆ ಮೇಲೆ ಹಾಗೇ ಹರಡಿಕೊಂಡಿತ್ತು.

"ಅಜ್ಜಿ, ರಾತ್ರಿ ಎತ್ತಿಡಬಾರದಿತ್ತಾ?" ಅಂತ ವಿಷಯ ಹೇಳಿದೆ. ಅವರು ಸಂಡಿಗೆ ಬಿಡಿಸುತ್ತಲೇ ಕೇಳಿದರು: "ನಮ್ ಕೋಲಾರ್‌ದಾಗೆ ಯಾರ್ಗ್ ಬಂದೈತಮ್ಮಾ?"

ಇಟಲಿಯ ಲೆಕ್ಕ ಬಾಯಿಪಾಠವಾಗಿತ್ತು. ನಮ್ಮ ಜಿಲ್ಲೆಯದು ನೋಡೇ ಇರಲಿಲ್ಲ. ಹುಡುಕಿದೆ. ಒಂದೂ ಇಲ್ಲ. ಮೇ 12ಕ್ಕೆ ಮುಳಬಾಗಿಲು ತಾಲ್ಲೂಕಿನಲ್ಲಿ ಐದು ಮಂದಿಗೆ ಬರುವವರೆಗೂ ಕೋಲಾರ ಜಿಲ್ಲೆಯಲ್ಲಿ ಒಂದು ಕೇಸೂ ದಾಖಲಾಗಿರಲಿಲ್ಲ.

ಕಾಯಿಲೆ ನಿಜವೇ. ಇಟಲಿಯ ಸಾವೂ ನಿಜ. ಅದು ಎಷ್ಟು ದೂರದಲ್ಲಿದೆ ಅನ್ನುವ ಅಳತೆಯೇ ನನಗೆ ತಪ್ಪಿಹೋಗಿತ್ತು. ಬೇರೆ ದಿನಗಳಲ್ಲಾದರೆ ಫೋನಿನಲ್ಲಿ ಓದಿದ್ದನ್ನು ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಸೊಪ್ಪಿನವರ ಹತ್ತಿರ ಹೇಳಿಕೊಳ್ಳುತ್ತಿದ್ದೆ. "ಅಯ್ಯೋ ಮೇಡಂ, ಯಾರೋ ಸುಮ್ನೆ ಬಿಟ್ಟಿದ್ದಾರೆ" ಅಂತ ಯಾರಾದರೊಬ್ಬರು ಅನ್ನುತ್ತಿದ್ದರು. ಆ ಒಂದು ಮಾತು ನನ್ನನ್ನು ಎಷ್ಟು ಕಾಯುತ್ತಿತ್ತು ಅಂತ ಬಾಗಿಲು ಹಾಕಿಕೊಂಡ ಮೇಲೆ ಗೊತ್ತಾಯಿತು.

ಅವತ್ತಿನಿಂದ ಸಂಜೆ ಹೊತ್ತು ಫೋನು ಮೇಲೇ ಬಿಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಅಜ್ಜಿ ಅವರ ಬಾಗಿಲಲ್ಲಿ, ನಡುವೆ ಆರು ಮೆಟ್ಟಿಲು. ಅವರ ತಮ್ಮ ಟೊಮೆಟೊ ಕೀಳಿಸದೆ ತೋಟದಲ್ಲೇ ಬಿಟ್ಟಿದ್ದಾರೆ, ಮಂಡಿಗೆ ತಂದರೂ ಕೇಳೋರಿಲ್ಲ ಅಂತ ತಿಳಿದದ್ದು ಅಲ್ಲೇ. ಇಷ್ಟು ಹತ್ತಿರದ ಸುದ್ದಿ ನನ್ನ ಫೋನಿಗೆ ಬಂದೇ ಇರಲಿಲ್ಲ.