ಅವ್ವನಿಗೆ ಬೀಳುವ ಬರ್ಫ್ ತೋರಿಸಿದ್ದು

ನಮ್ಮ ಕಲಬುರಗಿಯಲ್ಲಿ ಬರ್ಫ್ ಅಂದರೆ ಎರಡೇ. ಒಂದು, ಬೇಸಿಗೆಯಲ್ಲಿ ಗಾಡಿಯವನು ಕೆರೆದು ಕೆಂಪು ಶರಬತ್ತು ಸುರಿದು ಕೊಡುವ ಗೋಲಾ. ಇನ್ನೊಂದು, ಬಿಸಿಲು ಏರುವ ಹೊತ್ತಿಗೆ ಒಮ್ಮೊಮ್ಮೆ ಮಳೆ ಜೊತೆ ಬೀಳುವ ಆಣೆಕಲ್ಲು. 2014ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆ, ಬೀದರ್, ವಿಜಯಪುರದ ಕಡೆಯೆಲ್ಲ ಬಿದ್ದ ಆಣೆಕಲ್ಲು ಅವ್ವನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಿಂತಿದ್ದ ಜೋಳ ನೆಲ ಹಿಡಿದಿತ್ತು.

ಈ ಸಲ ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಭಜ್ಜಿ, ಸಜ್ಜೆ ರೊಟ್ಟಿ ಉಂಡು ಕೈ ಒರೆಸಿಕೊಳ್ಳುತ್ತಾ ಅವ್ವ ಅಂದಳು, "ತಮ್ಮಾ, ಬೆಳಿ ಹಾಳು ಮಾಡಲಾರದ ಬರ್ಫ್ ಬೀಳೂದು ಒಮ್ಮೆ ನೋಡಬೇಕಪಾ. ಉತ್ತರದ ಕಡೆ ದಿನಾ ಬೀಳ್ತದಂತಲ್ಲ?"

ದಿನಾ ಬೀಳುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಹೂಂ ಅಂದುಬಿಟ್ಟೆ. ತೊಗರಿ ರಾಶಿ ಮುಗಿದದ್ದೇ, ಜನವರಿಯಲ್ಲಿ ಹೊರಟೆವು. ನಾನು, ಅವ್ವ, ಎಂಟನೇ ತರಗತಿಯ ಮಗಳು.

ಮೊದಲು ಗುಲ್ಮಾರ್ಗ್ ಅಂದುಕೊಂಡಿದ್ದೆ. ಆದರೆ 2024ರ ಜನವರಿಯಲ್ಲಿ ಅಲ್ಲೇ ತಿಂಗಳ ಕೊನೆವರೆಗೂ ಗುಡ್ಡಗಳು ಬೋಳಾಗಿ ಕಂದಾಗಿದ್ದ ಫೋಟೊಗಳನ್ನು ನೋಡಿದ್ದು ನೆನಪಾಯಿತು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಕ್ಕೆ 'ಚಿಲ್ಲಾಯಿ ಕಲಾನ್' ಅಂತ ಹೆಸರು. ಚಳಿಯ ಅಬ್ಬರದ ದಿನಗಳು. ಆ ದಿನಗಳಲ್ಲೇ ಹಿಮ ಕೈ ಕೊಟ್ಟರೆ ಯಾರನ್ನು ನಂಬುವುದು? ಖರ್ಚೂ ಜಾಸ್ತಿ. ಶಿಮ್ಲಾ, ಮನಾಲಿ ಸಾಕು ಅಂದುಕೊಂಡೆ.

ನಸುಕಿನಲ್ಲಿ ದೆಹಲಿ ರೈಲು ಹತ್ತಿದೆವು. ಒಂದು ಚೀಲದ ತುಂಬ ಕಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ. ಮರುದಿನ ಝಾನ್ಸಿ ದಾಟಿದ ಮೇಲೆ ಕಿಟಕಿ ಪೂರ್ತಿ ಬೆಳ್ಳಗಾಯಿತು. ಹಳಿ ಪಕ್ಕದ ಕಂಬವೂ ಕಾಣುತ್ತಿರಲಿಲ್ಲ. "ಬಂತೇನು?" ಅಂದಳು ಅವ್ವ. "ಇದು ಮಂಜು, ಆಯಿ," ಅಂದಳು ಮಗಳು. ತಪ್ಪು ನಮ್ಮ ಭಾಷೆಯದೇ. ದೆಹಲಿಯ ದಟ್ಟ ಕಾವಳವೂ ಮಂಜು, ಹುಲ್ಲಿನ ಮೇಲಿನ ಹನಿಯೂ ಮಂಜು, ಹಿಮಾಲಯದ ಮೇಲಿನದೂ ಮಂಜು. ಬೀಳದ ಊರಿನವರಿಗೆ ಇಷ್ಟು ಪದ ಸಾಕಾಗಿತ್ತು ಅನ್ನಿ.

ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲು. 1903ರಲ್ಲಿ ಶುರುವಾದ 96 ಕಿಲೋಮೀಟರ್ ದಾರಿ, ನೂರಕ್ಕೂ ಜಾಸ್ತಿ ಸುರಂಗ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ. ಶಿಮ್ಲಾದಲ್ಲಿ ಇಳಿದರೆ ಚುರುಗುಟ್ಟುವ ಬಿಸಿಲು, ನೀಲಿ ಆಕಾಶ. ಹಿಮದ ಸುಳಿವೇ ಇಲ್ಲ. ರಿಡ್ಜ್ ಮೈದಾನದಲ್ಲಿ ಚಹಾ ಮಾರುವವರು, "ಹೋದ ವಾರ ಸ್ವಲ್ಪ ಬಿದ್ದಿತ್ತು, ಎರಡೇ ದಿನದಲ್ಲಿ ಕರಗಿತು. ನಾವು ಹುಡುಗರಿದ್ದಾಗ ವಾರಗಟ್ಟಲೆ ನಿಲ್ಲುತ್ತಿತ್ತು," ಅಂದರು.

ಅವ್ವ ಅಷ್ಟೊತ್ತೂ ಅವರ ಜೊತೆ ನಮ್ಮ ಕಡೆಯ ಉರ್ದು, ದಖನಿಯಲ್ಲೇ ಮಾತಾಡಿದಳು. ಆಕೆಯ 'ನಕ್ಕೋ', 'ಹೌ' ಕೇಳಿ ಅವರಿಗೆ ನಗುವೋ ನಗು. ಎರಡನೇ ಚಹಾಕ್ಕೆ ದುಡ್ಡು ತಗೊಳ್ಳಲಿಲ್ಲ.

ಆ ರಾತ್ರಿ ರೂಮಿನಲ್ಲಿ ಬೇರೆ ಕೆಲಸ ಇರಲಿಲ್ಲ. ಮಗಳು ಅಟ್ಲಾಸ್ ತೆಗೆದಳು. "ಎತ್ತರ ಇದ್ದಲ್ಲಿ ಹಿಮ ಬೀಳುತ್ತದೆ, ಅಷ್ಟೇ ಅಲ್ವಾ ಅಪ್ಪಾ?" ಅಂದಳು. ನಾನೂ ಹಾಗೇ ತಿಳಿದಿದ್ದೆ. ಕೂತು ನೋಡಿದರೆ ಲೆಕ್ಕ ಬೇರೆಯೇ ಇತ್ತು. ಊಟಿಯ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಗುಲ್ಮಾರ್ಗ್ ಸುಮಾರು 2,650. ಹೆಚ್ಚೂ ಕಡಿಮೆ ಒಂದೇ. ಅಲ್ಲಿ ಜನ ಹಿಮದ ಮೇಲೆ ಜಾರುತ್ತಾರೆ. ಇಲ್ಲಿ ಹಿಮ ಬೀಳುವುದೇ ಇಲ್ಲ. ಶ್ರೀನಗರವಂತೂ ಸುಮಾರು 1,585 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ತಗ್ಗಿನಲ್ಲಿದೆ. ಆದರೂ ಅಲ್ಲಿ ಪ್ರತಿ ಚಳಿಗಾಲ ಹಿಮ ಬೀಳುತ್ತದೆ. ಮುಳ್ಳಯ್ಯನಗಿರಿಯಲ್ಲಿ ಸ್ವೆಟರ್ ಹಾಕಿಕೊಂಡರೆ ಆಯಿತು.

ಜನವರಿಯಲ್ಲಿ ಊಟಿಯ ಹುಲ್ಲು ಬೆಳ್ಳಗಾಗುವುದನ್ನು ಟಿವಿಯವರು ಕಾಶ್ಮೀರ ಅಂತ ತೋರಿಸುತ್ತಾರೆ. ಅದು ಮೋಡವಿಲ್ಲದ ರಾತ್ರಿ ನೆಲ ತಣ್ಣಗಾಗಿ ಇಬ್ಬನಿ ಹೆಪ್ಪುಗಟ್ಟಿದ್ದು. ಹಿಮ ಬೀಳಬೇಕಾದರೆ ಮೋಡ ಬೇಕು. ತಣ್ಣಗಿರುವ ಹೊತ್ತಿಗೇ ಮೋಡವೂ ಬರಬೇಕು. ದಕ್ಷಿಣದ ಬೆಟ್ಟಗಳಲ್ಲಿ ಮುಂಗಾರು ಬರುವಾಗ ಅಷ್ಟು ಚಳಿ ಇರುವುದಿಲ್ಲ, ಚಳಿ ಜೋರಾದಾಗ ಆಕಾಶ ಖಾಲಿ.

ಉತ್ತರಕ್ಕೆ ಚಳಿಗಾಲದ ಮೋಡ ಬರುವುದು ಪಶ್ಚಿಮದಿಂದ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುತ್ತದೆ. ಹವಾಮಾನದವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಕಾಶ್ಮೀರಕ್ಕೆ ಮೊದಲ ಪಾಲು, ಹಿಮಾಚಲ ಮತ್ತು ಉತ್ತರಾಖಂಡಕ್ಕೆ ಆಮೇಲಿನದು. ಪೂರ್ವಕ್ಕೆ ಹೋಗುತ್ತಾ ಅದರ ಜೋರು ಕಡಿಮೆಯಾಗುತ್ತದೆ. ಅದಕ್ಕೇ ಶಿಮ್ಲಾ ಮತ್ತು ಡಾರ್ಜಿಲಿಂಗ್ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿದ್ದರೂ, ಶಿಮ್ಲಾದವರು ವರ್ಷವೂ ಹಿಮಕ್ಕೆ ಕಾಯುತ್ತಾರೆ. ಡಾರ್ಜಿಲಿಂಗ್ ಪಟ್ಟಣದಲ್ಲಿ 2018ರ ಡಿಸೆಂಬರ್‌ನಲ್ಲಿ ಬಿದ್ದಾಗ ಹತ್ತು ವರ್ಷದ ಮೇಲೆ ಬಿತ್ತು ಅಂತ ಸುದ್ದಿಯಾಗಿತ್ತು. ಪೂರ್ವದಲ್ಲಿ ಹಿಮ ಬೇಕು ಅಂದರೆ ಇನ್ನೂ ಮೇಲೆ ಹತ್ತಬೇಕು. ಸಿಕ್ಕಿಂನ ನಾಥು ಲಾ, ಅರುಣಾಚಲದ ಸೇಲಾ, ಎರಡೂ 4,000 ಮೀಟರ್ ಮೀರಿದ ಕಣಿವೆ ದಾರಿಗಳು.

ಇದನ್ನೆಲ್ಲ ಕೇಳುತ್ತಾ ಅವ್ವ ನಿದ್ದೆ ಹೋಗಿದ್ದಳು.

ಮನಾಲಿ ಮುಟ್ಟುವಾಗ ಆಕಾಶ ಕಪ್ಪಿಟ್ಟಿತ್ತು. ರಾತ್ರಿಯೆಲ್ಲ ಸದ್ದು. ಬೆಳಿಗ್ಗೆ ಬಾಗಿಲು ತೆಗೆದರೆ ಮಳೆ! ಇಷ್ಟು ದೂರ ಬಂದು ಮಳೆ. ಅಷ್ಟರಲ್ಲಿ ಒಬ್ಬ ಏಜೆಂಟ್ ಗಂಟುಬಿದ್ದ. 'ಸ್ನೋ ಪಾಯಿಂಟ್ ಗ್ಯಾರಂಟಿ' ಅಂತ ದುಡ್ಡು ಇಸಿದುಕೊಂಡ. ಯಾರೋ ತೊಟ್ಟು ಬಿಟ್ಟ ಒದ್ದೆ ಬೂಟು, ಬೆವರು ವಾಸನೆಯ ಕೋಟು ಬಾಡಿಗೆಗೆ ಹಾಕಿಸಿದ. ಕರೆದುಕೊಂಡು ಹೋಗಿ ತೋರಿಸಿದ್ದು ಒಂದು ಮಣ್ಣು ಮೆತ್ತಿದ ಹಳೇ ಹಿಮದ ತುಂಡು. ಸುತ್ತ ಮೂವತ್ತು ಜನ ಸೆಲ್ಫಿ ತೆಗೆಯುತ್ತಿದ್ದರು. "ನಮ್ಮ ರಾಶಿ ಕಣಾನೂ ಇದಕಿಂತ ದೊಡ್ಡದದ," ಅಂದಳು ಅವ್ವ. ನನಗೆ ಸಿಟ್ಟು ಬಂದಿತ್ತು, ಮಗಳು ನಗುತ್ತಿದ್ದಳು.

ಮರುದಿನ ಬೇರೆ ಗಾಡಿ ಮಾಡಿದೆ. ಚಾಲಕರು ಲಾಹೌಲ್ ಕಡೆಯವರು. ಮಳೆ ಇನ್ನೂ ಇತ್ತು. ಅವರು ಗುಡ್ಡದ ಕಡೆ ಬೆರಳು ತೋರಿಸಿದರು. ಒಂದು ಎತ್ತರದಿಂದ ಮೇಲೆ ದೇವದಾರು ಮರಗಳೆಲ್ಲ ಬೆಳ್ಳಗೆ, ಕೆಳಗೆ ಹಸಿರು. ಸುಣ್ಣ ಬಳಿಯುತ್ತಾ ಅರ್ಧಕ್ಕೇ ನಿಲ್ಲಿಸಿದ ಹಾಗೆ. ಮೋಡ ಅದೇ, ಮೇಲಿನವರಿಗೆ ಹಿಮ, ಕೆಳಗಿನವರಿಗೆ ಮಳೆ. ಸಾವಿರ ಮೀಟರ್ ಹತ್ತಿದರೆ ಸುಮಾರು ಆರು ಡಿಗ್ರಿ ಕಡಿಮೆಯಾಗುತ್ತದೆ. ಮನಾಲಿ ಇರುವುದು 2,000 ಮೀಟರ್ ಆಸುಪಾಸು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಮನಾಲಿ ಕಡೆಯಿಂದ ಗುಡ್ಡದ ಆಚೆಯ ಲಾಹೌಲ್‌ಗೆ ಹೋಗುವ ಅಟಲ್ ಸುರಂಗ 9 ಕಿಲೋಮೀಟರ್ ಉದ್ದ. 2020ರ ಅಕ್ಟೋಬರ್‌ನಲ್ಲಿ ತೆರೆದದ್ದು. ಅದಕ್ಕೂ ಮುಂಚೆ 3,978 ಮೀಟರ್‌ನ ರೋಹತಾಂಗ್ ಕಣಿವೆ ದಾರಿ ಹಿಮದಲ್ಲಿ ಮುಚ್ಚಿದರೆ ತಮ್ಮ ಊರು ತಿಂಗಳುಗಟ್ಟಲೆ ಬೇರೆಯೇ ಆಗುತ್ತಿತ್ತು ಅಂದರು ಚಾಲಕರು. ಅಕ್ಕಿ, ಸೀಮೆಎಣ್ಣೆ, ಔಷಧಿ ಎಲ್ಲ ಮೊದಲೇ ಕೂಡಿಡಬೇಕಿತ್ತಂತೆ.

ಸುರಂಗ ದಾಟಿ ಸಿಸ್ಸು ಹತ್ತಿರ ಇಳಿದೆವು. ಬೀಳುತ್ತಿತ್ತು.

ಸದ್ದೇ ಇಲ್ಲ. ಅದನ್ನು ನಾನು ಎಣಿಸಿರಲಿಲ್ಲ. ಆಣೆಕಲ್ಲು ತಗಡಿನ ಮೇಲೆ ಬೀಳುವ ಅಬ್ಬರ ಕೇಳಿ ಬೆಳೆದವನು ನಾನು. ಇದು ಅರಳೆ ಹಿಂಜಿ ತೂರಿದ ಹಾಗೆ, ಗಡಿಬಿಡಿಯೇ ಇಲ್ಲದೆ ಬರುತ್ತಿತ್ತು. ಅವ್ವ ಸೆರಗು ಹರಡಿ ನಿಂತಳು. ಸೆರಗಿನ ಮೇಲೆ ಬಿದ್ದದ್ದನ್ನು ಬಗ್ಗಿ ನೋಡಿದಳು. ಬಾಯಿಗೆ ಹಾಕಿಕೊಂಡಳು. "ಸಪ್ಪಗದ," ಅಂದಳು. ಗಾಡಿಗೆ ವಾಪಸ್ ಬರಲು ಮಾತ್ರ ಅರ್ಧ ಗಂಟೆ ಒಪ್ಪಲಿಲ್ಲ.

ಗಾಡಿಯಲ್ಲಿ ಹೀಟರ್ ಹಾಕಿ ರೊಟ್ಟಿ, ಹಿಂಡಿ ತೆಗೆದೆವು. ಚಾಲಕರಿಗೂ ಕೊಟ್ಟೆವು. ಕಡಕ್ ರೊಟ್ಟಿ ಕಡಿಯುತ್ತಾ ಅವರು ಲೇಹ್‌ಗೆ ಲಾರಿ ಓಡಿಸಿದ ಕಥೆ ಶುರು ಮಾಡಿದರು. ಇಲ್ಲೇ ಇಷ್ಟು ಬಿದ್ದರೆ 3,500 ಮೀಟರ್‌ನ ಲೇಹ್‌ನಲ್ಲಿ ಮನೆಯೇ ಮುಳುಗಬೇಕು ಅಲ್ವಾ ಅಂದೆ. ಅವರು ತಲೆ ಅಲ್ಲಾಡಿಸಿದರು. ಲೇಹ್‌ನಲ್ಲಿ ಚಳಿ ಇಲ್ಲಿಗಿಂತ ಕಡು, ಹಿಮ ಮಾತ್ರ ತೆಳು. ಮೋಡಗಳು ಒಂದೊಂದೇ ಬೆಟ್ಟಸಾಲಿಗೆ ತಮ್ಮ ನೀರು ಕೊಟ್ಟು ಕೊಟ್ಟು, ಅಲ್ಲಿಗೆ ಮುಟ್ಟುವಾಗ ಖಾಲಿ. ಅದೇ ಲಡಾಖ್‌ನ ದ್ರಾಸ್ ಜೋಜಿಲಾ ಕಣಿವೆಯ ಬೆನ್ನಿಗೇ ಇದೆ. ಮೋಡ ಅಲ್ಲಿ ನುಗ್ಗುತ್ತದೆ, ಹಾಗಾಗಿ ಆಳೆತ್ತರದ ಹಿಮ. ವರ್ಷವಿಡೀ ಮಳೆ, ಹಿಮ ಎಲ್ಲ ಕರಗಿಸಿ ಅಳೆದರೂ ಲೇಹ್‌ಗೆ ಸಿಗುವುದು ಸುಮಾರು 100 ಮಿಲಿಮೀಟರ್ ನೀರು.

ನಾನು ಅವ್ವನಿಗೆ ನಮ್ಮ ಲೆಕ್ಕದಲ್ಲಿ ಹೇಳಿದೆ. ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ 7,000 ಮಿಲಿಮೀಟರ್ ಸುರಿಯುತ್ತದೆ. ಘಟ್ಟದ ಈಚೆ ನಮ್ಮ ಕಲಬುರಗಿಗೆ ಉಳಿಯುವುದು 800ರ ಆಸುಪಾಸು.

"ಹಂಗಾದ್ರ ಲೇಹ್ ಅಂದ್ರ ಬರ್ಫಿನ ಕಲಬುರಗಿ ಅನ್ನು," ಅಂದಳು ಅವ್ವ. ಮಗಳು ಅದನ್ನು ಹಿಂದಿಯಲ್ಲಿ ಹೇಳಿದಾಗ ಚಾಲಕರು ಸ್ಟೇರಿಂಗ್ ಮೇಲೆ ಕೈ ಬಡಿದು ನಕ್ಕರು.

ವಾಪಸ್ ಬಂದ ಮರುದಿನ ಬೆಳಿಗ್ಗೆಯೇ ಪಕ್ಕದ ಮನೆ ಕಾಕು ಬಂದು ಕೂತರು. "ಏನ್ ವೈನಿ, ಅಲ್ಲಿ ದಿನಾ ಬರ್ಫ್ ಬೀಳ್ತದೇನು?"

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಯಾವ ಊರಾಗಿಂದ ಕೇಳ್ತಿ?"