ಡೆಡಾಲಸ್ ಹಡಗಿನವರು ಕಂಡ ಹಾವು

ಬೆಳಿಗ್ಗೆಯಿಂದ ಒಂದೇ ಚಿತ್ರ ನೋಡುತ್ತಾ ಕೂತಿದ್ದೇನೆ. 1848ರ ಅಕ್ಟೋಬರಿನಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯಲ್ಲಿ ಬಂದದ್ದು. ಆ ಆಗಸ್ಟ್ 6ರಂದು ಗುಡ್‌ಹೋಪ್ ಭೂಶಿರಕ್ಕೂ ಸೇಂಟ್ ಹೆಲೆನಾ ದ್ವೀಪಕ್ಕೂ ನಡುವೆ ಬ್ರಿಟಿಷ್ ನೌಕಾಪಡೆಯ ಡೆಡಾಲಸ್ ಹಡಗಿನವರು ಕಂಡ ಸಮುದ್ರ ಸರ್ಪ. ನೀರಿನಿಂದ 4 ಅಡಿ ಮೇಲೆದ್ದ ತಲೆ, ಕಂಡಷ್ಟು ಮೈಯೇ 60 ಅಡಿ ಅಂತ ಅವರ ಅಂದಾಜು.

ನನ್ನನ್ನು ಹಿಡಿದಿಟ್ಟಿದ್ದು ಬೆನ್ನಿನ ಮೇಲಿನ ಕೂದಲಿನ ಮಾತು. ಕುದುರೆಯ ಕೇಸರದ ಹಾಗೆ, ಅಥವಾ ಕಡಲಪಾಚಿಯ ಗೊಂಚಲಿನ ಹಾಗೆ ಏನೋ ಇತ್ತು ಅಂತ ಕ್ಯಾಪ್ಟನ್ ವರದಿಯಲ್ಲಿ ಬರೆದಿದ್ದಾರೆ. ಬರೆಯುವವರು ಹೀಗೆ ‘ಅಥವಾ’ ಅನ್ನಬಹುದು, ಚಿತ್ರ ಬಿಡಿಸುವವರು ಯಾವುದಾದರೂ ಒಂದನ್ನೇ ಆರಿಸಬೇಕು, ಅಲ್ವಾ?

ಅದು ಸೀಲ್ ಅನ್ನುವ ದೊಡ್ಡ ಕಡಲಪ್ರಾಣಿ ಇರಬೇಕು ಅಂದರು ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವನ್. ಇರಬಹುದು. ಆದರೆ ಹಡಗಿನವರು ಸುಮ್ನೆ ಕಥೆ ಕಟ್ಟಿದರು ಅಂತ ನನಗಂತೂ ಅನ್ನಿಸುವುದಿಲ್ಲ, ಏನನ್ನೋ ನಿಜವಾಗಿ ನೋಡಿದ್ದಾರೆ.